ಡ್ರಿಪ್ ಪೈಪಿನಲ್ಲಿ ಮಾಡಿದ ಪ್ಲಾಸ್ಮಾ ಒನಕೆ

ದಾವಣಗೆರೆಯಲ್ಲಿ ನನ್ನದು ಫ್ಲೆಕ್ಸ್, ರೇಡಿಯಂ ಸ್ಟಿಕರ್ ಅಂಗಡಿ. ಗೆಳೆಯರು ಸೇರಿ ಒಂದು ವೈಜ್ಞಾನಿಕ ಕಿರುಚಿತ್ರಕ್ಕೆ ಕೈಹಾಕಿದಾಗ ಆಯುಧ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಥೆ ನಡೆಯೋದು ಮುಂದಿನ ಶತಮಾನದ ಚಿತ್ರದುರ್ಗದಲ್ಲಿ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನ, ಪೈಲಟ್ ಇಲ್ಲದೆ ಚಳ್ಳಕೆರೆ ಕಡೆಯ ರನ್‌ವೇ ಮೇಲೆ ತಾನೇ ಇಳಿಯಿತಲ್ಲ, ನಮ್ಮ ನಿರ್ದೇಶಕನಿಗೆ ಹುಳ ಬಿಟ್ಟಿದ್ದು ಅದೇ. ಆಯುಧಕ್ಕೆ 2,000 ರೂಪಾಯಿ ಮೀರುವ ಹಾಗಿಲ್ಲ ಅಂತ ಮೊದಲೇ ಕರಾರು.

ಕಡಿಮೆ ದುಡ್ಡು ಅಂದರೆ ಕಳಪೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. 1977ರ ಮೊದಲ ಸ್ಟಾರ್ ವಾರ್ಸ್‌ನಲ್ಲಿ ಲ್ಯೂಕ್ ಹಿಡಿದ ಬೆಳಕಿನ ಕತ್ತಿಯ ಹಿಡಿ ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲಾಶ್ ಹಿಡಿ. ಬಿಳಿ ಕವಚದ ಸೈನಿಕರ ಕೈಯಲ್ಲಿದ್ದದ್ದು ಬ್ರಿಟಿಷರ ಸ್ಟರ್ಲಿಂಗ್ ಬಂದೂಕು. ಇದ್ದದ್ದಕ್ಕೇ ಅದೂ ಇದೂ ಅಂಟಿಸಿ ಹೊಸದು ಮಾಡಿದ್ದರು. ಹಾಗಾಗಿ ಗುಜರಿ ಅಂಗಡಿಗೆ ಹೋಗಲು ನಾನಂತೂ ನಾಚಿಕೊಳ್ಳಲಿಲ್ಲ.

ಮೊದಲು ಆಕಾರ. ದುರ್ಗ ಅಂದಮೇಲೆ ಒನಕೆ ಬರಲೇಬೇಕು ಅಂತ ಎಲ್ಲರೂ ಅಂದರು. ನನಗೆ ಅದು ತೀರಾ ಸವಕಲು ಅನಿಸಿತ್ತು. ಆದರೆ ಮನೆಯ ಹಳೇ ಒನಕೆಯನ್ನು ಕೈಯಲ್ಲಿ ಹಿಡಿದಾಗ ಒಪ್ಪಿದೆ. ಎರಡೂ ತುದಿ ದಪ್ಪ, ಕೈ ಹಿಡಿಯುವ ನಡು ಸಣ್ಣ, ಕೆಳಗೆ ಕಬ್ಬಿಣದ ಬಳೆ. ಆಕಾಶಕ್ಕೆ ಎದುರಾಗಿ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದರೆ ಬರೀ ಕಪ್ಪು ನೆರಳಲ್ಲೂ ಗುರುತು ಸಿಗುತ್ತದೆ. ಕ್ಯಾಮೆರಾಗೆ ಮೊದಲು ಕಾಣೋದು ನೆರಳಿನ ಗೆರೆ. ಅದು ಸರಿಯಿಲ್ಲದಿದ್ದರೆ ಮೇಲೆ ಎಷ್ಟು ಬಣ್ಣ ಬಳಿದರೂ ನೀರಲ್ಲಿ ಹೋಮ.

ಸಾಮಾನು ಸಿಕ್ಕಿದ್ದು ಡ್ರಿಪ್ ನೀರಾವರಿ ಅಂಗಡಿಯಲ್ಲಿ. ಚನ್ನಗಿರಿ ಕಡೆಯ ಅಡಿಕೆ ತೋಟದವರಿಂದಾಗಿ ಇಲ್ಲಿ ಆ ಮಾಲಿಗೆ ಬರವಿಲ್ಲ. ನಡುವಿಗೆ 40 ಎಂಎಂ ಪಿವಿಸಿ ಪೈಪು, ಎರಡು ತುದಿಗೆ 63 ಎಂಎಂ, ಎರಡು ಅಳತೆ ಸೇರುವಲ್ಲಿ ರೆಡ್ಯೂಸರ್. ಗೊಬ್ಬರ ಬಿಡುವ ವೆಂಚುರಿ ಎಂಬ ಭಾಗವನ್ನು ಒಮ್ಮೆ ತಿರುಗಿಸಿ ನೋಡಿ: ನಡು ಸೊರಗಿದ ಕೊಳವೆ, ಪಕ್ಕಕ್ಕೊಂದು ಮೂತಿ. ಅದನ್ನು ಯಾರೋ ಅನ್ಯಗ್ರಹದವರು ಮಾಡಿಟ್ಟ ಹಾಗಿದೆ. ಹಳೇ ಡಿಸ್ಕ್ ಫಿಲ್ಟರ್ ಬಿಚ್ಚಿದರೆ ಒಳಗೆ ತೆಳು ಗೆರೆಗಳಿರುವ ಬಿಲ್ಲೆಗಳು ಒಂದರ ಮೇಲೊಂದು. ಅವನ್ನು ಎರಡೆರಡು ಬಿಲ್ಲೆಗೊಂದು ವಾಷರ್ ಹಾಕಿ ಪೋಣಿಸಿದೆ, ಶಾಖ ಹೊರಹಾಕುವ ರೆಕ್ಕೆಗಳಾದವು. ಚಪ್ಪಟೆ ಭಾಗಕ್ಕೆ ನನ್ನ ಅಂಗಡಿಯದೇ 5 ಎಂಎಂ ಸನ್‌ಬೋರ್ಡ್, ಅಂದರೆ ಪಿವಿಸಿ ಫೋಮ್ ಹಲಗೆಯ ತುಂಡುಗಳು. ಕುದಿ ನೀರಲ್ಲಿ ಅದ್ದಿದರೆ ಪೈಪಿನ ದುಂಡಿಗೆ ತಕ್ಕ ಹಾಗೆ ಬಾಗುತ್ತವೆ. ಬೆಂಕಿ ಹಿಡಿಯಬೇಡಿ, ಪಿವಿಸಿ ಸುಟ್ಟರೆ ಬರೋದು ಆಮ್ಲದ ಹೊಗೆ. ಸಂದು ಮುಚ್ಚಲು ಎಂ-ಸೀಲ್. ಸಣ್ಣ ಬಿರುಕಿಗೆ ಫೆವಿಕ್ವಿಕ್ ಬಿಟ್ಟು ಮೇಲೆ ಅಡುಗೆ ಸೋಡಾ ಉದುರಿಸಿದರೆ ಆ ಕ್ಷಣವೇ ಕಲ್ಲು.

ನಡುವಿನಲ್ಲಿ ಪ್ಲಂಬರುಗಳು ಎಂಟಿಎ, ಎಫ್‌ಟಿಎ ಅನ್ನುವ, ಒಂದರೊಳಗೊಂದು ತಿರುಗಿಸಿ ಕೂರಿಸುವ ತಿರುಪಿನ ಜೋಡಿ ಹಾಕಿದೆ. ತಿರುಗಿಸಿದರೆ ಆಯುಧ ಎರಡು ತುಂಡು. ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಒಯ್ಯಬೇಕಿತ್ತು. ಬೆಡ್‌ಶೀಟ್ ಸುತ್ತಿ ಚೀಲಕ್ಕೆ ಹಾಕಿದರೆ ಕಂಡಕ್ಟರ್ ತಲೆಯೆತ್ತಿಯೂ ನೋಡಲ್ಲ.

ತೂಕವನ್ನು ಹೆಚ್ಚಿನವರು ಮರೆಯುತ್ತಾರೆ. ಖಾಲಿ ಪೈಪು ಹಿಡಿದ ನಟಿ ಎಷ್ಟೇ ಚೆನ್ನಾಗಿ ನಟಿಸಿದರೂ ಮಣಿಕಟ್ಟು ಸುಳ್ಳು ಹೇಳುತ್ತದೆ. ಜರಡಿ ಹಿಡಿದ ಮರಳನ್ನು ಪ್ಲಾಸ್ಟಿಕ್ ಕವರಿಗೆ ಬಿಗಿಯಾಗಿ ತುಂಬಿ ಎರಡು ತುದಿಗೂ ತುರುಕಿದೆ, ಒಟ್ಟು ಎರಡೂವರೆ ಕೆ.ಜಿ. ಬಂತು. ಅದೇ ಮರಳನ್ನು ನಡುವಿಗೆ ಹಾಕಿದ್ದರೆ ಉಪಯೋಗವಿರಲಿಲ್ಲ. ಭಾರ ಕೈಯಿಂದ ದೂರವಿದ್ದಷ್ಟೂ ತಿರುಗಿಸಲು ಹೊತ್ತು ಹಿಡಿಯುತ್ತದೆ, ನಿಲ್ಲಿಸಲೂ ಭುಜ ಬಳಸಬೇಕಾಗುತ್ತದೆ.

ಇನ್ನು ಬಣ್ಣ. ನನ್ನ ಲೆಕ್ಕದಲ್ಲಿ ದುಡ್ಡೂ ತಾಳ್ಮೆಯೂ ಹೋಗಬೇಕಾದದ್ದು ಇಲ್ಲಿಗೇ. ನಮ್ಮ ಕಥೆಯಲ್ಲಿ ಈ ಒನಕೆ ಮೂಲತಃ ಗಣಿಯಲ್ಲಿ ಪ್ಲಾಸ್ಮಾದಿಂದ, ಅಂದರೆ ವಿಪರೀತ ಕಾದ ಅನಿಲದಿಂದ, ಬಂಡೆ ಸೀಳುವ ಉಪಕರಣ. ದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿಯೇ ಇತ್ತಲ್ಲ. ಹಾಗಾಗಿ ಕಪ್ಪು ಬಿಟ್ಟು ಜೆಸಿಬಿ ಹಳದಿ ಆರಿಸಿಕೊಂಡೆ. ಬಂದೂಕಿನ ಹಾಗೆ ಕಾಣಲ್ಲ ಅನ್ನೋದು ಇನ್ನೊಂದು ಲಾಭ.

ಬೈಪಾಸ್ ಹತ್ತಿರ ನಿಂತಿದ್ದ ಜೆಸಿಬಿಯ ಎದುರು ಕೂತು ಸವೆತ ನೋಡಿದೆ. ಬಕೆಟ್ಟಿನ ಹಲ್ಲು ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಬಣ್ಣವೇ ಇಲ್ಲ. ಅಂಚುಗಳಲ್ಲಿ ಮಾತ್ರ ಬಣ್ಣ ಚಕ್ಕೆ ಎದ್ದಿದೆ, ಬಯಲು ಭಾಗದಲ್ಲಿ ಬರೀ ಉದ್ದುದ್ದ ಗೀರು. ಪಿನ್ನುಗಳ ಸುತ್ತ ಗ್ರೀಸು, ಗ್ರೀಸಿಗೆ ಮೆತ್ತಿದ ಕೆಮ್ಮಣ್ಣು. ಹಿಡಿಕೆ ಮಾತ್ರ ಕೈಯುಜ್ಜಿ ಉಜ್ಜಿ ನುಣುಪು. ಸವೆತಕ್ಕೆ ಯಾವಾಗಲೂ ಒಂದು ಕಾರಣವಿರುತ್ತದೆ; ಕಂಡಕಂಡಲ್ಲಿ ತುಕ್ಕು ಎರಚುವುದು ನಾಟಕದ ಕಂಪನಿಯ ಕೆಲಸ.

ಪಿವಿಸಿಯ ಮೇಲೆ ಬಣ್ಣ ನೇರವಾಗಿ ನಿಲ್ಲಲ್ಲ. 220 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ತಿನ್ನರ್ ಬಟ್ಟೆಯಲ್ಲಿ ಒರೆಸಿ, ಪ್ರೈಮರ್. ಮೇಲೆ ಬೆಳ್ಳಿ ಸ್ಪ್ರೇ. ಅದು ಪೂರ್ತಿ ಒಣಗಿದ ಮೇಲೆ ಚಕ್ಕೆ ಏಳಬೇಕಾದ ಅಂಚುಗಳಿಗೆ ಸ್ಪಂಜಿನಲ್ಲಿ ಬಿಳಿ ಟೂತ್‌ಪೇಸ್ಟ್ ತಟ್ಟಿದೆ. ಅದರ ಮೇಲೆ ಹಳದಿ. ಹಳದಿ ಒಣಗಿದ ಮೇಲೆ ನೀರು ಹಾಕಿ ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಪೇಸ್ಟಿನ ಜೊತೆ ಹಳದಿ ಎದ್ದುಬಂದು ಕೆಳಗಿನ ಬೆಳ್ಳಿ ಇಣುಕುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆ ನನಗೆ ಖುಷಿಯೇ. ಆಮೇಲೆ ಕಪ್ಪು–ಕಂದು ಅಕ್ರಿಲಿಕ್ ಬಣ್ಣ ನೀರು ಮಾಡಿ ಬಳಿದು ಒರೆಸಿದರೆ ಸಂದುಗಳಲ್ಲಿ ಮಾತ್ರ ಕೊಳೆ ಉಳಿಯುತ್ತದೆ. ತುದಿಯ ಬಳೆಗೆ ಕಪ್ಪು ಹೊಡೆದು 6ಬಿ ಪೆನ್ಸಿಲಿನ ಪುಡಿ ಬೆರಳಲ್ಲಿ ತಿಕ್ಕಿದೆ, ಅಪ್ಪಟ ಕಬ್ಬಿಣದ ಹೊಳಪು. ಕೊನೆಗೆ ರೇಡಿಯಂ ಕಟಿಂಗಿನಲ್ಲಿ “ಕೈ ದೂರವಿಡಿ” ಮತ್ತು ಕನ್ನಡ ಅಂಕಿಗಳು. ಪೂಜೆಯ ಕುಂಕುಮ ಬೊಟ್ಟು ನಿರ್ದೇಶಕನ ಐಡಿಯಾ. ನಮ್ಮ ಕಡೆ ಯಾವ ಮೆಷಿನ್ನಿಗೆ ಆಯುಧಪೂಜೆ ಆಗಿರಲ್ಲ ಹೇಳಿ!

ಬೆಳಕಿಗೆ ನೀಲಿ ಎಲ್‌ಇಡಿ. ಒಂದಕ್ಕೆ ಸುಮಾರು 3 ವೋಲ್ಟ್ ಬೇಕು, ಬ್ಯಾಟರಿ 9 ವೋಲ್ಟಿನದು. ಉಳಿದ 6 ವೋಲ್ಟನ್ನು 20 ಮಿಲಿಆಂಪಿಗೆ ಭಾಗಿಸಿದರೆ 300 ಓಮ್, ಅಂಗಡಿಯಲ್ಲಿ ಸಿಗೋದು 330. ಒಂದೊಂದು ಎಲ್‌ಇಡಿಗೂ ಒಂದೊಂದು ರೆಸಿಸ್ಟರ್, ಸ್ವಿಚ್ಚಿಗೆ ಕಾಲಿಂಗ್ ಬೆಲ್ಲಿನ ಗುಂಡಿ. ಬಲ್ಬು ಬಿಡಿಬಿಡಿಯಾಗಿ ಕಾಣದಿರಲು ಅವುಗಳ ಮೇಲಿನ ಪಾರದರ್ಶಕ ಅಕ್ರಿಲಿಕ್ ಕೊಳವೆಯನ್ನು ಒಳಗಿಂದ ಉಜ್ಜಿ ಮಂಜು ಮಾಡಿದೆ. ಬ್ಯಾಟರಿಯಿಂದ ನೇರ ಕೊಟ್ಟದ್ದರಿಂದ ಕ್ಯಾಮೆರಾದಲ್ಲಿ ಮಿಣುಕು ಬರಲಿಲ್ಲ. ಆದರೆ ದುರ್ಗದ ನಡುಮಧ್ಯಾಹ್ನದ ಬಿಸಿಲಲ್ಲಿ ಯಾವ ಎಲ್‌ಇಡಿಯೂ ಉರಿದಂತೆ ಕಾಣಲ್ಲ. ಬೆಳಕಿನ ದೃಶ್ಯಗಳನ್ನೆಲ್ಲ ಸಂಜೆಗೆ ಇಡಿ ಅಂತ ಮೊದಲೇ ಹಠ ಹಿಡಿದಿದ್ದೆ.

ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅಲ್ಲಿ ಚಿತ್ರೀಕರಣಕ್ಕೆ ಅನುಮತಿ ಬೇಕು. ನಾವು ಗಾಳಿಯಂತ್ರಗಳು ಕಾಣುವ ಹಾಗೆ ಪರಿಚಯದವರ ಹೊಲದ ಬಂಡೆಗಳ ನಡುವೆ ಮಾಡಿಕೊಂಡೆವು. ಆಯುಧದ ಫೋಟೋ ತೋರಿಸಿ ಹತ್ತಿರದ ಠಾಣೆಗೆ ಮೊದಲೇ ಒಂದು ಮಾತು ಹಾಕಿದ್ದು ಒಳ್ಳೇದಾಯ್ತು, ದಾರಿಹೋಕರು ಗುಂಪುಗೂಡಿದಾಗ ಉತ್ತರ ಸಿದ್ಧವಿತ್ತು.

ಹೊಡೆದಾಟಕ್ಕೆ ಮರಳಿನ ಒನಕೆ ಕೊಡುವುದು ಅಪಾಯ. ಎಸಿ ಪೈಪಿಗೆ ಸುತ್ತುವ ಕರಿ ಫೋಮಿನಲ್ಲಿ ಇನ್ನೊಂದು ಮಾಡಿದೆ. ಒಳಗೆ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಸ್ಪ್ರೇ ಹೊಡೆಯುವ ಮೊದಲು ನೀರು ಬೆರೆಸಿದ ಫೆವಿಕಾಲ್ ಬಳಿದು ಒಣಗಿಸಿದರೆ ಫೋಮ್ ಬಣ್ಣ ಕುಡಿಯಲ್ಲ. ಅಕ್ರಿಲಿಕ್ಕಿಗೆ ಸ್ವಲ್ಪ ಫೆವಿಕಾಲ್ ಸೇರಿಸಿದರೆ ಬಾಗಿದಾಗ ಬಿರುಕೂ ಕಡಿಮೆ. ಹದಿನೈದು ಅಡಿಯಾಚೆ ಕ್ಯಾಮೆರಾ ಇಟ್ಟರೆ ಯಾವುದು ಯಾವುದೆಂದು ನಮ್ಮ ಎಡಿಟರ್‌ಗೂ ಗೊತ್ತಾಗಲಿಲ್ಲ.