ಲ್ಯಾಪ್‌ಟಾಪಿನಲ್ಲಿ ಹಳೆಯ ಮೇನ್‌ಫ್ರೇಮ್ ಕೋಬಾಲ್ ಕಂಪೈಲ್ ಮಾಡುವ ಬಗೆ

ಬೆಂಗಳೂರಿನ ಕಂಪನಿಗಳಲ್ಲಿ ಬ್ಯಾಂಕ್, ವಿಮೆಯ ಲೆಕ್ಕಗಳಿಗೆ ಕೋಬಾಲ್ ಭಾಷೆಯಲ್ಲಿ ಬರೆದ ಹಳೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಜಯನಗರದ ನನ್ನ ಮನೆಗೆ ಪಾಠಕ್ಕೆ ಬರುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಐಐಎಸ್‌ಸಿ) 1970ರ ಹೊತ್ತಿಗೆ ಬಂದ ಐಬಿಎಂ 360ರಂಥ ಮೇನ್‌ಫ್ರೇಮ್‌ಗೆ, ಅಂದರೆ ದೊಡ್ಡ ಕಂಪ್ಯೂಟರ್‌ಗೆ, ದೊಡ್ಡ ಕೋಣೆಯೇ ಬೇಕಿತ್ತು. ಈಗ ಎಸ್.ಪಿ. ರಸ್ತೆಯ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಟಿಕೆ4 ಮೈನಸ್ ಎಂಬ ಉಚಿತ ಕಟ್ಟನ್ನು ಇಳಿಸಿಕೊಳ್ಳಿ. ಲ್ಯಾಪ್‌ಟಾಪನ್ನು ಮೇನ್‌ಫ್ರೇಮ್‌ನಂತೆ ನಡೆಸುವ ಹರ್ಕ್ಯುಲಿಸ್ ಎಮ್ಯುಲೇಟರ್, ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಂ ಎಂವಿಎಸ್ 3.8ಜೆ, ಜೊತೆಗೆ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕೋಬಾಲ್, ಫೋರ್ಟ್ರಾನ್, ಪಿಎಲ್/1 ಕಂಪೈಲರ್‌ಗಳು ಅದರಲ್ಲೇ ಇವೆ.

ಪ್ರೋಗ್ರಾಂ ಬರೆಯುವ ಮೊದಲು ಎಡಿಟರ್‌ನಲ್ಲಿ ಟ್ಯಾಬ್ ಬಳಕೆ ನಿಲ್ಲಿಸಿ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯಿರಿ. ಒಂದು ಸಾಲೆಂದರೆ ಹಿಂದಿನ ಕಾಲದ, ರಂಧ್ರ ಕೊರೆದ 80 ಕಾಲಂಗಳ ಒಂದು ಕಾರ್ಡ್. ಮೊದಲ ಆರು ಕ್ರಮಸಂಖ್ಯೆಗೆ, ಏಳನೆಯದು ಟಿಪ್ಪಣಿಯ ನಕ್ಷತ್ರಕ್ಕೆ. ಡಿವಿಷನ್, ಪ್ಯಾರಾಗಳ ಹೆಸರು ಎಂಟರಿಂದ, ಆದೇಶಗಳು ಹನ್ನೆರಡರಿಂದ. 72ರ ನಂತರ ಬರೆದದ್ದನ್ನು ಕಂಪೈಲರ್ ಓದುವುದೇ ಇಲ್ಲ. ಇದನ್ನು ನಾನು ಪಟ್ಟುಹಿಡಿದು ಕಲಿಸುತ್ತೇನೆ, ಏಕೆಂದರೆ ಈ ಕಂಪೈಲರ್‌ಗೆ ಇಫ್ ಎಂಬ ಷರತ್ತಿನ ಆದೇಶವನ್ನು ಮುಚ್ಚುವ ಎಂಡ್-ಇಫ್ ಗೊತ್ತಿಲ್ಲ. ಇಫ್ ಮುಗಿಯುವುದು ಪೂರ್ಣವಿರಾಮದಿಂದ. ಆ ಚುಕ್ಕಿ 73ನೆಯ ಕಾಲಂಗೆ ಜಾರಿದರೆ ಮುಂದಿನ ಆದೇಶವೂ ಷರತ್ತಿನೊಳಗೆ ಸೇರಿಕೊಳ್ಳುತ್ತದೆ. ಕಂಪೈಲರ್ ಚಕಾರವೆತ್ತದೆ ಇರಬಹುದು, ಲೆಕ್ಕ ಮಾತ್ರ ತಪ್ಪುತ್ತದೆ.

ಪ್ರೋಗ್ರಾಂನ ಮೇಲೆ ಏನು ಮಾಡಬೇಕೆಂದು ಯಂತ್ರಕ್ಕೆ ಹೇಳುವ ಜೆಸಿಎಲ್ ಸಾಲುಗಳನ್ನು ಸೇರಿಸಿ, ಕಡತವನ್ನು 3505ನೆಯ ಪೋರ್ಟ್‌ಗೆ ಕಳುಹಿಸಿ. ಅದೇ ನಿಮ್ಮ ಕಾರ್ಡ್ ರೀಡರ್. ಕಂಪೈಲ್, ಲಿಂಕ್, ಓಟ ಮೂರನ್ನೂ ಒಂದೇ ಸಿದ್ಧ ಪ್ರೊಸೀಜರ್ ಮಾಡುತ್ತದೆ. ಪ್ರಿಂಟರ್‌ನ ಕಾಗದವೆಲ್ಲ ಪಠ್ಯಕಡತವಾಗಿ ಸಿಗುತ್ತದೆ. ಮೊದಲು ಕೆಲಸ ಹೇಗಾಯಿತೆಂದು ಹೇಳುವ ರಿಟರ್ನ್ ಕೋಡ್ ನೋಡಿ: 0 ಆದರೆ ಸರಿ, 4 ಆದರೆ ಎಚ್ಚರಿಕೆ, 8 ಅಥವಾ 12 ಆದರೆ ಲಿಸ್ಟಿಂಗ್‌ನ ಮೊದಲ ತಪ್ಪನ್ನು ತಿದ್ದಿ ಮತ್ತೆ ಕಳುಹಿಸಿ. ಕೆಳಗಿನ ಎಷ್ಟೋ ತಪ್ಪುಗಳು ಮೊದಲನೆಯದರ ಮಕ್ಕಳು.

ಓಡುವಾಗ ಪ್ರೋಗ್ರಾಂ ಎಸ್0ಸಿ7 ಎಂದು ಬಿದ್ದರೆ ಗಾಬರಿಯಾಗಬೇಡಿ. ಅಂಕಿ ಇರಬೇಕಾದ ಜಾಗದಲ್ಲಿ ಬೇರೇನೋ ಇದೆ ಎಂದರ್ಥ. ಮೇನ್‌ಫ್ರೇಮ್‌ನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಅಂಕಿಗಳು ಎಫ್0ರಿಂದ ಎಫ್9, ಖಾಲಿ ಜಾಗ 40. ಮೊತ್ತವನ್ನು ಖಾಲಿ ಬಿಟ್ಟ ಒಂದು ಕಾರ್ಡ್ ಸಾಕು, ಕೂಡಿಸುವ ಆದೇಶ ಅಲ್ಲೇ ನಿಲ್ಲುತ್ತದೆ. ಆರಂಭಿಕ ಮೌಲ್ಯ ಕೊಡದ ಮೊತ್ತದ ಫೀಲ್ಡ್‌ನಿಂದಲೂ ಹೀಗಾಗುತ್ತದೆ. ತಪ್ಪಾದ ಜಾಗ ಹುಡುಕಲು, ಪ್ರತಿ ಆದೇಶ ಎಲ್ಲಿ ಆರಂಭವಾಗುತ್ತದೆಂಬ ಪಟ್ಟಿ ಕೊಡುವ ಸಿ-ಲಿಸ್ಟ್ ಆಯ್ಕೆಯೊಂದಿಗೆ ಮತ್ತೆ ಕಂಪೈಲ್ ಮಾಡಿ. ಡಂಪ್‌ನಲ್ಲಿ, ಅಂದರೆ ಬಿದ್ದ ಹೊತ್ತಿನ ಮೆಮೊರಿಯ ಮುದ್ರಣದಲ್ಲಿ, ಯಂತ್ರ ಎಲ್ಲಿ ನಿಂತಿತೆಂದು ಹೇಳುವ ಪಿಎಸ್‌ಡಬ್ಲ್ಯು ವಿಳಾಸ ಇರುತ್ತದೆ. ಅದರಿಂದ ಪ್ರೋಗ್ರಾಂ ಲೋಡ್ ಆದ ವಿಳಾಸವನ್ನು ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಕಳೆಯಿರಿ. ಬಂದ ಸಂಖ್ಯೆ ಪಟ್ಟಿಯಲ್ಲಿ ಯಾವ ಎರಡು ಆದೇಶಗಳ ನಡುವೆ ಬೀಳುತ್ತದೋ ನೋಡಿ, ಮೊದಲನೆಯದನ್ನು ಹಿಡಿಯಿರಿ. ಪಿಎಸ್‌ಡಬ್ಲ್ಯು ಮುಂದಿನ ಯಂತ್ರಾದೇಶವನ್ನು ತೋರಿಸುವುದರಿಂದ ಸಂಖ್ಯೆ ಒಂದು ಆದೇಶದ ಆರಂಭಕ್ಕೇ ಸರಿಹೊಂದಿದರೆ ಅದರ ಹಿಂದಿನದನ್ನು ನೋಡಬೇಕು. ಈ ಕಳೆಯುವ ಲೆಕ್ಕವನ್ನು ಪೆನ್ನು ಕಾಗದದಲ್ಲೇ ಮಾಡಿ. ಕೈ ಪಳಗಿದವರು ಡಂಪ್‌ಗೆ ಹೆದರುವುದಿಲ್ಲ.

ಇಷ್ಟು ಬಂದ ಮೇಲೆ ಕೋಬಾಲಿನಲ್ಲಿ ಮಾಡಿದ ಲೆಕ್ಕವನ್ನೇ ಫೋರ್ಟ್ರಾನಿನಲ್ಲಿ ಬರೆದು ಫೋರ್ಟ್ರಾನ್ ಜಿ ಕಂಪೈಲರ್‌ಗೆ ಕೊಡಿ. ಅಲ್ಲಿ ಕಾಲಂಗಳು ಹೀಗೆ: ಲೇಬಲ್ 1ರಿಂದ 5, ಸಾಲಿನ ಮುಂದುವರಿಕೆ 6, ಆದೇಶ 7ರಿಂದ 72.