ರಿವರ್ಸ್ ಹಾಕಿದೊಡನೆ ಹಾಡು ನಿಲ್ಲಬೇಕೆ? ಕಾರಿನ ಸ್ಟೀರಿಯೊಗೆ ಮ್ಯೂಟ್ ಜೋಡಿಸುವ ಬಗೆ

ಹಾಡಿನ ಅಬ್ಬರದಲ್ಲಿ ಪಾರ್ಕಿಂಗ್ ಸೆನ್ಸರ್‌ನ ಬೀಪ್ ಕೇಳಿಸದೆ ಹಿಂದಿನ ಬಂಪರ್ ಜಜ್ಜಿಸಿಕೊಂಡವರನ್ನು ಬಳ್ಳಾರಿಯ ಇಕ್ಕಟ್ಟಾದ ಬೀದಿಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ರಿವರ್ಸ್ ಗೇರ್ ಬಿದ್ದಾಗ ಅಥವಾ ಹ್ಯಾಂಡ್ಸ್‌ಫ್ರೀ ಕಿಟ್‌ಗೆ ಕರೆ ಬಂದಾಗ ಸ್ಟೀರಿಯೊ ತಾನಾಗಿ ಸುಮ್ಮನಾಗುವಂತೆ ಮಾಡುವುದು ಕಷ್ಟವಲ್ಲ. ಆದರೆ ಒಂದು ಹಂತದಲ್ಲಿ ಬಹಳ ಜನ ಎಡವುತ್ತಾರೆ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಸೆಟ್ ಹೊರಗೆಳೆದು, ಹಾಡನ್ನು ಮೌನಗೊಳಿಸುವ ಮ್ಯೂಟ್ ವೈರ್ ಗುರುತಿಸಿ. ಕೆನ್‌ವುಡ್ ಸೆಟ್‌ಗಳಲ್ಲಿ ಅದು ಸಾಮಾನ್ಯವಾಗಿ ಕಂದು, ಪಯೋನಿಯರ್‌ನಲ್ಲಿ ಕಪ್ಪು ಗೆರೆಯ ಹಳದಿ. ಬಣ್ಣವೊಂದನ್ನೇ ನಂಬದೆ ಕೈಪಿಡಿಯ ನಕ್ಷೆಯನ್ನು ನೋಡಲೇಬೇಕು.

ಎಡವುವುದು ಮುಂದಿನ ಹಂತದಲ್ಲಿ. ಹೆಚ್ಚಿನ ಸೆಟ್‌ಗಳ ಮ್ಯೂಟ್ ವೈರ್ ಬಾಡಿ ಅರ್ಥ್‌ಗೆ, ಅಂದರೆ ಕಾರಿನ ಲೋಹದ ಮೈಗೆ, ತಾಗಿದಾಗ ಕೆಲಸ ಮಾಡುತ್ತದೆ. ಅದಕ್ಕೆ 12 ವೋಲ್ಟ್ ಕೊಡಬಾರದು. ರಿವರ್ಸ್ ಲೈಟಿನ ವೈರನ್ನು ನೇರವಾಗಿ ಅದಕ್ಕೆ ಸುತ್ತಿ ಹೊಸ ಸೆಟ್ಟನ್ನೇ ಸುಟ್ಟುಕೊಂಡ ಗೆಳೆಯರೊಬ್ಬರು ನನಗಿದ್ದಾರೆ. ಆದ್ದರಿಂದ ಬ್ಯಾಟರಿಯನ್ನು ತಾತ್ಕಾಲಿಕವಾಗಿ ಜೋಡಿಸಿ, ಮಲ್ಟಿಮೀಟರ್‌ನ ಕಪ್ಪು ಮೊನೆಯನ್ನು ಬಾಡಿಗೂ ಕೆಂಪು ಮೊನೆಯನ್ನು ಸಾಧನದ (ರಿವರ್ಸ್ ಲೈಟ್ ಅಥವಾ ಹ್ಯಾಂಡ್ಸ್‌ಫ್ರೀ ಕಿಟ್) ಸಿಗ್ನಲ್ ವೈರಿಗೂ ಇಟ್ಟು, ಸಾಧನವನ್ನು ಚಾಲೂ ಮಾಡಿ ನೋಡಿ. 12 ವೋಲ್ಟ್ ತೋರಿದರೆ ನಡುವೆ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಪುಟ್ಟ ಸ್ವಿಚ್, ಬೇಕೇ ಬೇಕು. ಏನೂ ತೋರದಿದ್ದರೆ ಕೆಂಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್‌ಗೂ ಕಪ್ಪನ್ನು ಸಿಗ್ನಲ್ ವೈರಿಗೂ ಇಡಿ. ಸಾಧನ ಚಾಲೂ ಆದಾಗ ಮಾತ್ರ 12 ವೋಲ್ಟ್ ಬಂದರೆ ಆ ವೈರ್ ಅರ್ಥ್ ಕೊಡುತ್ತಿದೆ ಎಂದರ್ಥ, ಅದನ್ನು ಮ್ಯೂಟ್ ವೈರಿಗೆ ನೇರವಾಗಿ ಸೇರಿಸಬಹುದು.

ರಿಲೇ ಹಾಕುವಾಗ ಬ್ಯಾಟರಿಯನ್ನು ಮತ್ತೆ ಬಿಚ್ಚಿ. ರಿಲೇಯ 86ನೇ ಪಿನ್ನಿಗೆ ರಿವರ್ಸ್ ಲೈಟಿನ ಪಾಸಿಟಿವ್ ವೈರನ್ನು 1 ಆಂಪಿಯರ್ ಫ್ಯೂಸ್ ಮೂಲಕ ಕೊಡಿ. 85 ಮತ್ತು 30 ಎರಡೂ ಬಾಡಿಗೆ, 87 ಮ್ಯೂಟ್ ವೈರಿಗೆ. 87ಎ ಪಿನ್ ಖಾಲಿ ಇರಲಿ. ಅದಕ್ಕೆ ಮ್ಯೂಟ್ ವೈರ್ ಹಾಕಿದರೆ ರಿವರ್ಸ್‌ನಲ್ಲಿ ಮಾತ್ರ ಹಾಡು ಕೇಳಿ, ಉಳಿದ ಹೊತ್ತೆಲ್ಲ ಸೆಟ್ ಮೌನವಾಗಿರುತ್ತದೆ. 85 ಮತ್ತು 86ರ ನಡುವೆ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಬೆಸೆಯಿರಿ, ಅದರ ಬಿಳಿ ಪಟ್ಟಿ 86ರ ಕಡೆಗಿರಬೇಕು. ತಿರುಗಿಸಿ ಹಾಕಿದರೆ ಫ್ಯೂಸ್ ಹಾರುತ್ತದೆ. ಪಿನ್ನುಗಳ ಮೇಲೆ ಸಂಖ್ಯೆಯೇ ಇಲ್ಲದ ಅಗ್ಗದ ರಿಲೇಯನ್ನು ಕೊಳ್ಳಲೇಬೇಡಿ.

ಬಾಡಿಗೆ ಸೇರಿಸುವ ಕಡೆ ಬಣ್ಣವನ್ನು ಕೆರೆದು, ಲೋಹ ಹೊಳೆಯುವಷ್ಟು ಉಜ್ಜಿ ಸ್ಕ್ರೂ ಬಿಗಿಯಿರಿ. ಸಂಡೂರಿನ ಕಡೆ ಓಡಾಡುವ ಕಾರುಗಳಲ್ಲಿ ಅದಿರಿನ ಕೆಂಪು ಧೂಳು ಎಲ್ಲ ಸಂದಿಗಳಲ್ಲೂ ಕೂತಿರುತ್ತದೆ. ವೈರುಗಳನ್ನು ಬರಿದೆ ಹೊಸೆದು ಕಪ್ಪು ಟೇಪ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೇಸಿಗೆಯ 40 ಡಿಗ್ರಿ ದಾಟಿದ ಬಿಸಿಲಿಗೆ ಟೇಪಿನ ಗೋಂದು ಕರಗಿ ಜೋಡಣೆ ಬೆತ್ತಲಾಗುತ್ತದೆ. ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಸ್ಲೀವ್ ಏರಿಸಿ.

ಬ್ಯಾಟರಿ ಜೋಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಿ. ಹಾಡು ನಿಂತು ಬೀಪ್ ಕೇಳಿ, ಗೇರ್ ತೆಗೆದಾಗ ಹಾಡು ಮರಳಿದರೆ, ವೈರುಗಳು ಹಿಂದೆ ನಲುಗದಂತೆ ನೋಡಿಕೊಂಡು ಸೆಟ್ಟನ್ನು ಒಳಗೆ ತಳ್ಳಿ.