ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಸದ್ದು ಕೇಳಿ: ಚಳಿನಾಡಿಗೆ ಬಂದ ಹೊಸಬರಿಗೆ

ಹೊರದೇಶದ ಮೊದಲ ಚಳಿಗಾಲದಲ್ಲಿ ಒಂದಲ್ಲ ಒಂದು ಬೆಳಗ್ಗೆ ಕಾರು ಕೈಕೊಡುತ್ತದೆ. ಆಗ ಕೀಲಿಯನ್ನು ಮೇಲಿಂದ ಮೇಲೆ ತಿರುಗಿಸಬೇಡಿ. ಒಂದೇ ಸಲ ತಿರುಗಿಸಿ, ಕಿವಿಗೊಟ್ಟು ಕೇಳಿ. ತೊಂದರೆ ಎಲ್ಲಿದೆ ಎಂಬುದನ್ನು ಮುಕ್ಕಾಲು ಪಾಲು ಆ ಸದ್ದೇ ಹೇಳಿಬಿಡುತ್ತದೆ. ಹತ್ತು ಸಲ ತಿರುಗಿಸಿದರೆ ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರು ಚಾರ್ಜೂ ಹೋಗುತ್ತದೆ.

ಟಕಟಕಟಕ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ. ಒಂದೇ ಒಂದು ಟಕ್ ಬಂದು, ಹೆಡ್‌ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿದ್ದರೆ ಸೆಲ್ಫ್ ಮೋಟರನ್ನೋ ಅದರ ವೈರನ್ನೋ ಅನುಮಾನಿಸಿ. ಟಕ್ ಎಂದ ಕೂಡಲೇ ಎಲ್ಲ ದೀಪಗಳೂ ಆರಿಹೋದರೆ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿರಬಹುದು. ಸೆಲ್ಫ್ ಎಂದಿನ ವೇಗದಲ್ಲೇ ತಿರುಗುತ್ತಿದ್ದು ಎಂಜಿನ್ ಮಾತ್ರ ಹಿಡಿಯುತ್ತಿಲ್ಲವೆಂದರೆ ಬ್ಯಾಟರಿ ಸರಿಯಾಗಿಯೇ ಇದೆ. ಜಂಪರ್ ಕೇಬಲ್ (ಬೇರೆ ಕಾರಿನ ಬ್ಯಾಟರಿಯಿಂದ ಕರೆಂಟ್ ತಂದು ಜಂಪ್ ಕೊಡುವ ತಂತಿ) ಹಿಡಿದು ಅಕ್ಕಪಕ್ಕದವರನ್ನು ಎಬ್ಬಿಸಿ ಪ್ರಯೋಜನವಿಲ್ಲ.

ಸದ್ದೇ ಇಲ್ಲದಿದ್ದರೆ? ಗೇರ್ ಕಾರಿನಿಂದ ಆಟೋಮ್ಯಾಟಿಕ್‌ಗೆ ಬಂದವರು ಮೊದಲು ಲಿವರ್ ನೋಡಬೇಕು. ಅದು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ತಿರುಗುತ್ತದೆ. ಬಟನ್ ಇರುವ ಕಾರಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿರಬೇಕು. ಪಾರ್ಕ್‌ನಲ್ಲಿ ಆಗದಿದ್ದರೆ ಬ್ರೇಕ್ ಒತ್ತಿಕೊಂಡೇ ನ್ಯೂಟ್ರಲ್‌ಗೆ ತಂದು ನೋಡಿ. ಲಿವರ್ ಎಲ್ಲಿದೆ ಎಂದು ತಿಳಿಸುವ ಸ್ವಿಚ್ ಸವೆದಿದ್ದರೆ ಹಾಗೆ ಸ್ಟಾರ್ಟ್ ಆಗುವುದುಂಟು. ರಿಮೋಟ್ ಕೀಲಿಯ ಸೆಲ್ (ಹಲವು ಕಾರುಗಳಲ್ಲಿ ಸಿಆರ್ 2032) ಸತ್ತಿದ್ದರೆ ಕೀಲಿಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಕೆಲವು ಕಾರುಗಳಲ್ಲಿ ಅದನ್ನು ಇಡಲು ಬೇರೆ ಜಾಗವಿರುತ್ತದೆ, ಮ್ಯಾನುಯಲ್‌ನಲ್ಲಿ ನೋಡಿಟ್ಟುಕೊಳ್ಳಿ. ಕೀಲಿಯೇ ತಿರುಗದಿದ್ದರೆ ಸ್ಟೀರಿಂಗ್ ಲಾಕ್ ಬಿದ್ದಿದೆ, ಚಕ್ರವನ್ನು ಎಡಬಲ ಅಲುಗಿಸುತ್ತ ಕೀಲಿ ತಿರುಗಿಸಿ.

ಚಳಿಯಲ್ಲಿ ಹೆಚ್ಚಿನ ಸಲ ಬ್ಯಾಟರಿಯದೇ ದೋಷ. ಮೈನಸ್ 18 ಡಿಗ್ರಿಯ ಹೊತ್ತಿಗೆ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ, ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ನಾಲ್ಕೈದು ವರ್ಷದ ಬ್ಯಾಟರಿ ಮೊದಲ ಹಿಮಕ್ಕೇ ಕೈಚೆಲ್ಲುವುದು ಇದಕ್ಕೇ. ಒಂದು ಚಿಕ್ಕ ಮಲ್ಟಿಮೀಟರ್ ಮನೆಯಲ್ಲಿರಲಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 12ಕ್ಕಿಂತ ಕೆಳಗಾದರೆ ಬಹುಪಾಲು ಖಾಲಿ.

ಆದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಬಾನೆಟ್ ಎತ್ತಿ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡಿದ್ದರೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಟರ್ಮಿನಲ್‌ಗೆ ವೈರನ್ನು ಕಚ್ಚಿಸಿರುವ ಕ್ಲಾಂಪನ್ನು ಕೈಯಲ್ಲಿ ಹಿಡಿದು ತಿರುಚಿ; ಕೂದಲೆಳೆಯಷ್ಟೂ ಅಲುಗಬಾರದು. ಅಲುಗಿದರೆ ಬಿಗಿ ಮಾಡಿ, ಬಹಳಷ್ಟು ಕಾರುಗಳಿಗೆ 10ನೇ ನಂಬರ್ ಸ್ಪ್ಯಾನರ್ ಸಾಕು. ಪುಡಿ ತೆಗೆಯಲು ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ತೊಳೆದು ಒರೆಸಿ. ಕ್ಲಾಂಪ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಬಿಚ್ಚದೆ ಪ್ಲಸ್‌ಗೆ ಕೈಹಾಕಿದರೆ, ಸ್ಪ್ಯಾನರ್ ಪಕ್ಕದ ಕಬ್ಬಿಣಕ್ಕೆ ತಾಗಿದ ಕ್ಷಣವೇ ಶಾರ್ಟ್ ಆಗುತ್ತದೆ.

ಇನ್ನು ಜಂಪ್ ಕೊಡುವ ಕ್ರಮ. ಇದರಲ್ಲಿ ಅವಸರ ಬೇಡವೇ ಬೇಡ. ಎರಡು ಕಾರುಗಳೂ ಒಂದಕ್ಕೊಂದು ತಾಗದಂತೆ ನಿಂತು, ಎರಡೂ ಆಫ್ ಆಗಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಬ್ಯಾಟರಿ ಹೆಪ್ಪುಗಟ್ಟಿದ್ದರೆ ಅಥವಾ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಅದು ಸಿಡಿಯಬಹುದು. ಇಲ್ಲವಾದರೆ ಕೆಂಪು ಕ್ಲಿಪ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕೆಂಪು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕ್ಲಿಪ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ಕಪ್ಪನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಆ ಕಾರಿನ ಎಂಜಿನ್ ಮೇಲಿನ ಬಣ್ಣವಿಲ್ಲದ ದಪ್ಪ ಬೋಲ್ಟ್‌ಗೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ. ಕೊನೆಯ ಕ್ಲಿಪ್ ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲ ಇರಬಹುದು. ಒಳ್ಳೆಯ ಕಾರನ್ನು ಐದು ನಿಮಿಷ ಓಡಲು ಬಿಟ್ಟು, ಆಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಇಲ್ಲದಿದ್ದರೆ ಮೋಟರ್ ಕಾಯ್ದು ಸುಡುತ್ತದೆ. ಸ್ಟಾರ್ಟ್ ಆದ ಮೇಲೆ ಹಾಕಿದ್ದಕ್ಕೆ ತಿರುವುಮುರುವಾಗಿ ಕ್ಲಿಪ್‌ಗಳನ್ನು ತೆಗೆಯಿರಿ.

ವೈರಿನ ಬಣ್ಣ ನಂಬಿ ಹಾಕಬೇಡಿ, ಬ್ಯಾಟರಿಯ ಮೇಲಿನ ಪ್ಲಸ್ ಮೈನಸ್ ಗುರುತನ್ನು ಒರೆಸಿ ನೋಡಿ. ಅದಲುಬದಲಾದರೆ ಫ್ಯೂಸಿನ ಜೊತೆಗೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಯಂತ್ರ), ಕಾರಿನ ಕಂಪ್ಯೂಟರ್ ಕೂಡ ಸುಡಬಹುದು. ಕೇಬಲ್ ಕೊಳ್ಳುವಾಗ 4 ಅಥವಾ 6 ಗೇಜ್ ಕೇಳಿ (ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ), ತೆಳುವಾದದ್ದು ಬಿಸಿಯಾಗುತ್ತದೆಯೇ ಹೊರತು ಎಂಜಿನ್ ತಿರುಗಿಸುವುದಿಲ್ಲ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲೂ 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ, ಅದು ಇಳಿದರೂ ಕಾರು ಕದಲದು. ಆದರೆ ಮ್ಯಾನುಯಲ್ ಒಪ್ಪದೆ ಅವುಗಳಿಂದ ಬೇರೆ ಕಾರಿಗೆ ಜಂಪ್ ಕೊಡಬೇಡಿ. ಆಟೋಮ್ಯಾಟಿಕ್ ಕಾರನ್ನು ನಾಲ್ಕು ಜನ ಸೇರಿ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಹಿಮದ ರಸ್ತೆಯಲ್ಲಿ ಯಾರಾದರೂ ಜಾರಿ ಬಿದ್ದಾರು, ಆ ಗೋಜಿಗೇ ಹೋಗಬೇಡಿ.

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರಬೇಕು. 12.5ರ ಆಸುಪಾಸಿನಲ್ಲೇ ನಿಂತು ಇಳಿಯುತ್ತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಬೇಗನೆ ಇದೇ ಪಾಡು.

ಸೆಲ್ಫ್ ತಿರುಗಿಯೂ ಹಿಡಿಯದ ಕಾರಿಗೆ ಮೊದಲು ಪೆಟ್ರೋಲ್ ಮುಳ್ಳು ನೋಡಿ. ಕೀಲಿ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಗುಂಯ್ ಎನ್ನುವುದು ಪಂಪ್. ಎಂದೂ ಕೇಳುತ್ತಿದ್ದ ಆ ಸದ್ದು ಇವತ್ತಿಲ್ಲವಾದರೆ ಪಂಪಿನ ಫ್ಯೂಸ್ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ಕೀಲಿ ಅಥವಾ ಬೀಗದ ಚಿತ್ರ ಮಿಣುಕುತ್ತಲೇ ಇದ್ದರೆ ಕಾರು ಕೀಲಿಯನ್ನು ಗುರುತಿಸುತ್ತಿಲ್ಲ, ಎರಡನೇ ಕೀಲಿ ತನ್ನಿ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿದೆ. ಹಿಮ ಗೋರಲೆಂದು ಕಾರನ್ನು ನಾಲ್ಕು ಮಾರು ಸರಿಸಿ ಹತ್ತೇ ಸೆಕೆಂಡಿನಲ್ಲಿ ಆಫ್ ಮಾಡಿದರೆ ಹೀಗಾಗುತ್ತದೆ. ಆಕ್ಸಿಲರೇಟರನ್ನು ತಳಮುಟ್ಟ ಒತ್ತಿ ಹಿಡಿದು ಏಳೆಂಟು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಹೆಚ್ಚಿನ ಇಂಜೆಕ್ಷನ್ ಎಂಜಿನ್‌ಗಳು ಆಗ ಪೆಟ್ರೋಲ್ ಬಿಡುವುದನ್ನು ನಿಲ್ಲಿಸಿ ಗಾಳಿ ಮಾತ್ರ ಎಳೆದುಕೊಳ್ಳುತ್ತವೆ. ಎಂಜಿನ್ ಹಿಡಿದ ಕೂಡಲೇ ಕಾಲು ಸಡಿಲಿಸಿ. ಗ್ಯಾರೇಜಿನೊಳಗೆ ಕಾರು ಓಡುತ್ತ ನಿಲ್ಲಕೂಡದು. ಬಾಗಿಲು ತೆರೆದಿದ್ದರೂ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಕ್ಕೆ ನುಗ್ಗಿ ಜೀವ ತೆಗೆಯಬಹುದು.

ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರಿಗೆ ಒಂದು ಲೆಕ್ಕ. ನಿಂತ ಕಾರೂ ಅಲಾರಂ, ಕಂಪ್ಯೂಟರ್‌ಗೆಂದು 50 ಮಿಲಿಆಂಪಿಯರ್‌ವರೆಗೆ ಎಳೆಯಬಹುದು. 30 ದಿನಕ್ಕೆ ಅದು 36 ಆಂಪಿಯರ್ ಅವರ್, ಚಿಕ್ಕ ಕಾರಿನ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು. ಗ್ಯಾರೇಜಿನಲ್ಲಿ ಪ್ಲಗ್ ಇದ್ದರೆ ಬ್ಯಾಟರಿ ಮೇಂಟೇನರ್ (ಬ್ಯಾಟರಿ ಇಳಿಯದಂತೆ ಸ್ವಲ್ಪಸ್ವಲ್ಪವೇ ಚಾರ್ಜ್ ಮಾಡುತ್ತಿರುವ ಸಾಧನ) ಹಾಕಿ ಹೋಗಿ. ಇಲ್ಲವಾದರೆ ಮೈನಸ್ ಕ್ಲಾಂಪ್ ಬಿಚ್ಚಿಡಿ. ಆಮೇಲೆ ರಿಮೋಟಿಗೆ ಬಾಗಿಲು ತೆರೆಯುವುದಿಲ್ಲ, ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿಯಿಂದ ಬಾಗಿಲು ತೆರೆಯುತ್ತದೆಯೇ ಎಂದು ಬಾನೆಟ್ ಮುಚ್ಚುವ ಮೊದಲೇ ನೋಡಿಕೊಳ್ಳಿ.